ಡಿಕ್ಕಿ ತೆಗೆಯಿರಿ ಅಂದ ಪೊಲೀಸನಿಗೆ "ಬೇಡ" ಅನ್ನಬಹುದಿತ್ತಾ?

ಹಾಸನದ ಹೈದ:
ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದು 9 ವರ್ಷ ಆಯಿತು. ಇಲ್ಲಿಯವರೆಗೆ ಪೊಲೀಸರ ಜೊತೆ ಮಾತಾಡಿದ್ದು ಎರಡೇ ಸಲ, ಎರಡೂ ಸ್ಪೀಡಿಂಗ್ ಟಿಕೆಟ್. ಕಳೆದ ಶನಿವಾರ ಮೂರನೆಯದೂ ಆಯಿತು.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಇಬ್ಬರನ್ನೂ ಕೂರಿಸಿಕೊಂಡು ಚಿಕ್ಕಪ್ಪನ ಮಗಳ ಮನೆಗೆ ಹೊರಟಿದ್ದೆ, ಆರು ಗಂಟೆ ದಾರಿ. ಕಾರಿನ ಕನ್ನಡಿಗೆ ಅಮ್ಮ ತಂದ ತುಳಸಿಮಣಿ ಸರ ನೇತುಹಾಕಿದ್ದೆ. ಅದು ಮುಂದಿನ ಗಾಜಿಗೆ ಅಡ್ಡ ಬರುತ್ತದೆ ಅಂತ ಒಬ್ಬ ಪೊಲೀಸ್ ನಿಲ್ಲಿಸಿದ. ಎಲ್ಲಿ, ಯಾವ ಇಲಾಖೆ ಅಂತ ಹೇಳುವುದಿಲ್ಲ, ಬೇಡ. ಲೈಸೆನ್ಸ್ ನೋಡಿದ, ವಾರ್ನಿಂಗ್ ಚೀಟಿ ಬರೆದ, ಲೈಸೆನ್ಸ್ ವಾಪಸ್ ಕೊಟ್ಟ. ಮುಗಿಯಿತು ಅಂತ ನಾನು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಕಿಟಕಿಗೆ ಬಗ್ಗಿ, "ಹಿಂದೆ ಕೂತವರು ಯಾಕೆ ಹೆದರಿದ್ದಾರೆ? ಕಾರು ಒಂಚೂರು ನೋಡಬಹುದಾ?" ಅಂತ ಕೇಳಿದ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕಣ್ಣು ಮುಚ್ಚಿಕೊಂಡು ಬಾಯೊಳಗೇ ರಾಯರನ್ನು ನೆನೆಯುತ್ತಿದ್ದರು. ನಾನು ಮರ್ಯಾದೆಗೆ "ಶೂರ್" ಅಂದುಬಿಟ್ಟೆ.

ಡಿಕ್ಕಿಯಲ್ಲಿ ಹಪ್ಪಳ, ಚಟ್ನಿಪುಡಿ, ಅದರ ಪಕ್ಕದಲ್ಲಿ ಜಿಪ್‌ಲಾಕ್ ಚೀಲದಲ್ಲಿ ಅರ್ಧ ಕೇಜಿ ರಂಗೋಲಿ ಪುಡಿ. ನುಣ್ಣಗೆ, ಬೆಳ್ಳಗೆ. ಅವನ ಮುಖ ನೀವು ನೋಡಬೇಕಿತ್ತು. ಮುಂದಿನ 40 ನಿಮಿಷ ನಾವು ಮೂವರೂ ರಸ್ತೆ ಬದಿಯ ಹುಲ್ಲಿನ ಮೇಲೆ.

ಕೊನೆಗೆ ಬಿಟ್ಟರು ಬಿಡಿ. ಆದರೆ ನನ್ನ ಪ್ರಶ್ನೆ ಇಷ್ಟೇ: ಸರ ನೇತುಹಾಕಿದ್ದಕ್ಕೆ ಡಿಕ್ಕಿ ಹುಡುಕುವ ಹಕ್ಕು ಇದೆಯಾ? ನಾನು "ಬೇಡ" ಅಂದಿದ್ದರೆ ಏನಾಗುತ್ತಿತ್ತು?

ಕಾಫಿ ಲೋಟ:
ರಂಗೋಲಿ ಪುಡಿನ ಜಿಪ್‌ಲಾಕ್‌ನಲ್ಲಿ ಹಾಕಿದ್ದೀರಲ್ಲ, ಆ ಧೈರ್ಯಕ್ಕೆ ಒಂದು ಸಲಾಂ.

ಮಲ್ನಾಡ್ ಮಳೆ:
ಅಯ್ಯೋ ಪಾಪ, ಅಮ್ಮ ಹೇಗಿದ್ದಾರೆ ಈಗ? ಆ ವಯಸ್ಸಿನವರನ್ನು ಹುಲ್ಲಿನ ಮೇಲೆ ಕೂರಿಸುವುದು ಅಂದ್ರೆ.

ಒಹಾಯೋ ಒಬ್ಬಟ್ಟು:
ನಾನು ಇಲ್ಲಿ ವಕೀಲಿ ಮಾಡುತ್ತೇನೆ. ಇದು ಕಾನೂನು ಸಲಹೆ ಅಲ್ಲ, ಕಟ್ಟೆ ಮಾತು ಅಂದುಕೊಳ್ಳಿ.

ಮೊದಲು ನಿಲ್ಲಿಸಿದ್ದರ ಬಗ್ಗೆ. ಎಷ್ಟೇ ಚಿಕ್ಕ ಟ್ರಾಫಿಕ್ ತಪ್ಪಿದ್ದರೂ ನಿಲ್ಲಿಸಬಹುದು. ಪೊಲೀಸನ ಮನಸ್ಸಿನಲ್ಲಿ ಬೇರೇನೋ ಇದ್ದರೂ ಕೋರ್ಟ್ ಅದನ್ನು ಕೆದಕುವುದಿಲ್ಲ. 1996ರ ರೆನ್ ತೀರ್ಪು ಅದನ್ನೇ ಹೇಳುತ್ತದೆ. ಕನ್ನಡಿಗೆ ಏನಾದರೂ ತೂಗುಹಾಕುವುದು ಹಲವು ರಾಜ್ಯಗಳಲ್ಲಿ ತಪ್ಪು. ಹಾಗಾಗಿ ಅದು ಹೋಗಲಿ.

ಹುಡುಕುವುದು ಬೇರೆ ಮಾತು. ಇಲ್ಲಿ ಎರಡು ಮೆಟ್ಟಿಲು ಇವೆ, ರೀಸನಬಲ್ ಸಸ್ಪಿಷನ್ (ಸಕಾರಣ ಅನುಮಾನ) ಮತ್ತು ಪ್ರಾಬಬಲ್ ಕಾಸ್ (ತಪ್ಪು ನಡೆದಿದೆ ಅಂತ ನಂಬಲು ಇನ್ನೂ ಗಟ್ಟಿ ಕಾರಣ). ನಮ್ಮಜ್ಜಿ ಮನೆ ಬೆಕ್ಕನ್ನು ನೆನೆಸಿಕೊಳ್ಳಿ. ಹಾಲು ಇಟ್ಟ ಗೂಡಿನ ಹತ್ತಿರ ಮೂರು ಸಲ ಸುಳಿದಾಡಿತು, ನಮ್ಮನ್ನು ಕಂಡ ತಕ್ಷಣ ಬೇರೆ ಕಡೆ ನೋಡಿತು ಅಂದರೆ ಅದು ಮೊದಲನೆಯದು. ತಡೆದು ನಿಲ್ಲಿಸಬಹುದು, ಒಂದೆರಡು ಮಾತು ಕೇಳಬಹುದು. ಮೀಸೆಗೆ ಕೆನೆ ಹತ್ತಿದ್ದರೆ ಎರಡನೆಯದು. ಆಗ ಹುಡುಕಬಹುದು. ಕಾರಾದರೆ ವಾರಂಟ್ ಕೂಡ ಬೇಕಿಲ್ಲ, 1925ರ ಕ್ಯಾರಲ್ ತೀರ್ಪಿನಿಂದ ಹಾಗೇ ನಡೆದು ಬಂದಿದೆ. ಗಾಡಿ ಓಡಿಹೋಗುತ್ತದೆ, ಮನೆ ಓಡಿಹೋಗುವುದಿಲ್ಲ ಅನ್ನುವ ಲೆಕ್ಕ.

ನಿಮ್ಮ ವಿಷಯದಲ್ಲಿ ಬೆಕ್ಕೂ ಇಲ್ಲ, ಕೆನೆಯೂ ಇಲ್ಲ. ಬಾಗಿಲು ತೆಗೆದವರು ನೀವೇ. ಒಪ್ಪಿಗೆ ಕೊಟ್ಟ ಮೇಲೆ ಎರಡು ಮೆಟ್ಟಿಲಿಗೂ ಕೆಲಸವಿಲ್ಲ.

ಗದಗ ಗಾಡಿ:
ಅಂದ್ರ ಬೆಕ್ಕು ಕರೀದಿದ್ರ ಮೂರು ಸಲ ಸುಳಿದಾಡೋದು ಬ್ಯಾಡ, ಒಂದ ಸಲ ಸಾಕು ಅಂತೀರೇನ್ರೀ?

ಒಹಾಯೋ ಒಬ್ಬಟ್ಟು:
ಅದೇ ದೊಡ್ಡ ಜಗಳ ಇಲ್ಲಿ. ಕಾಗದದ ಮೇಲೆ ಬಣ್ಣ ಒಂದೇ ಕಾರಣ ಆಗುವ ಹಾಗಿಲ್ಲ. ರಸ್ತೆಯಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಸಿಲಿಕಾನ್ ಸುಬ್ಬಿ:
ಸುಮ್ನೆ ಕೇಳ್ತೀನಿ. ಶೇಕಡಾ ಎಷ್ಟು ಅನುಮಾನ ಇದ್ದರೆ ಪ್ರಾಬಬಲ್ ಕಾಸ್? 51 ಆದರೆ ಪಾಸಾ? ನಾನು ಡೇಟಾ ಕೆಲಸದವಳು, ನಂಬರ್ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಒಹಾಯೋ ಒಬ್ಬಟ್ಟು:
ನಂಬರ್ ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹಟ ಹಿಡಿದಿದೆ ಸುಬ್ಬಿ ಅಕ್ಕ. 2003ರ ಪ್ರಿಂಗಲ್ ಕೇಸು ನೋಡಿ. ಕಾರಿನಲ್ಲಿ ಮೂರು ಜನ. ಮುಂದಿನ ಡಬ್ಬಿಯಲ್ಲಿ ಸುರುಳಿ ಸುತ್ತಿದ 763 ಡಾಲರ್, ಹಿಂದಿನ ಸೀಟಿನ ಕೈಯಾಸರೆಯ ಹಿಂದೆ ಐದು ಪೊಟ್ಟಣ ಕೊಕೇನ್. ಯಾರದು ಅಂತ ಮೂವರೂ ಬಾಯಿ ಬಿಡಲಿಲ್ಲ. ಪೊಲೀಸ್ ಮೂವರನ್ನೂ ಹಿಡಿದ. ಸರಿ ಅಂತ ತೀರ್ಪು ಬಂತು, ಅದೂ ಎಲ್ಲ ಜಡ್ಜ್‌ಗಳೂ ಒಪ್ಪಿ. ನಿಮ್ಮ ಲೆಕ್ಕದಲ್ಲಿ ತಲಾ 33. ಪ್ರಾಬಬಲ್ ಕಾಸನ್ನು ಶೇಕಡಾವಾರಿನಲ್ಲಿ ಅಳೆಯಲು ಆಗುವುದಿಲ್ಲ ಅಂತ ಅಲ್ಲೇ ಬರೆದಿದ್ದಾರೆ.

ಸಿಲಿಕಾನ್ ಸುಬ್ಬಿ:
ತಲಾ 33 ಅಲ್ಲ, ಮೂವರೂ ಸೇರಿ ಮಾಡಿರಬಹುದಲ್ಲ. ಆದರೂ ನಿದ್ದೆ ಬರುವುದಿಲ್ಲ.

ಬಸವನಗುಡಿ ಬಾಬು:
ಇಷ್ಟೆಲ್ಲ ಯಾಕೆ ಸ್ವಾಮಿ? ತಪ್ಪು ಮಾಡದವನಿಗೆ ಭಯ ಯಾಕೆ? ತೆಗೆದು ತೋರಿಸಿದರೆ ಎರಡು ನಿಮಿಷದ ಕೆಲಸ.

ಮಲ್ನಾಡ್ ಮಳೆ:
ಬಾಬು ಅವರೇ, 40 ನಿಮಿಷ ಅಂತ ಬರೆದಿದ್ದಾರೆ. ಓದಿ.

ಕಾಫಿ ಲೋಟ:
ಬಾಬು ಅಂಕಲ್ ತಮ್ಮ ಫೋನ್ ಲಾಕ್ ತೆಗೆದು ಇಲ್ಲಿ ಎಲ್ಲರಿಗೂ ಕೊಡಲಿ ನೋಡೋಣ. ತಪ್ಪು ಮಾಡಿಲ್ಲ ಅಲ್ವಾ?

ಡಲ್ಲಾಸ್ ದೋಸೆ:
ನನ್ನ ಸ್ನೇಹಿತ "ಬೇಡ" ಅಂದಿದ್ದ. "ಹಾಗಾದರೆ ನಾಯಿ ಬರುವವರೆಗೆ ಕಾಯಿ" ಅಂದರಂತೆ. ನಾಯಿ ಬಂದು ಮೂಸಿತು, ಏನೂ ಇರಲಿಲ್ಲ, ಬಿಟ್ಟರು. ಒಂದು ಗಂಟೆ ಹಾಳು. ನಾಯಿ ಕರೆಸುವುದಕ್ಕೆ ಪೂರ್ತಿ ಹಕ್ಕಿದೆ ಅಂತ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಬೇಡ ಅಂದು ಪ್ರಯೋಜನ ಇಲ್ಲ.

ಒಹಾಯೋ ಒಬ್ಬಟ್ಟು:
ಇದು ಅರ್ಧ ಸರಿ, ಅರ್ಧ ತಪ್ಪು. ನಾಯಿ ಮೂಸುವುದು "ಹುಡುಕಾಟ" ಅಲ್ಲ ಅಂತ 2005ರಲ್ಲಿ ತೀರ್ಪಾಗಿದೆ. ಆದರೆ ಟಿಕೆಟ್ ಬರೆಯುವ ಹೊತ್ತಿನೊಳಗೇ ಅದು ಮುಗಿಯಬೇಕು. 2015ರ ರೋಡ್ರಿಗಸ್ ಕೇಸಿನ ಜೀವ ಇರುವುದೇ ಇಲ್ಲಿ.

ನೆಬ್ರಾಸ್ಕಾ, 2012, ಮಧ್ಯರಾತ್ರಿ ದಾಟಿತ್ತು. ಕಾರು ಒಂದು ಕ್ಷಣ ರಸ್ತೆಯ ಅಂಚಿಗೆ ಸರಿಯಿತು ಅಂತ ನಿಲ್ಲಿಸಿದರು. ಗುಂಡಿ ತಪ್ಪಿಸಲು ಹೋದೆ ಅಂದ ಡ್ರೈವರ್. (ನಮ್ಮೂರಲ್ಲಾದರೆ ಈ ಉತ್ತರಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.) ವಾರ್ನಿಂಗ್ ಬರೆದು ಕೊಟ್ಟಾಯಿತು. ಆಮೇಲೆ, ನಾಯಿ ಒಂದು ಸುತ್ತು ಹಾಕಲಾ ಅಂತ ಪೊಲೀಸ್ ಕೇಳಿದ. ಬೇಡ ಅಂದ ಡ್ರೈವರ್. ನಾಯಿ ಪೊಲೀಸನ ಗಾಡಿಯಲ್ಲೇ ಇತ್ತು, ಫ್ಲಾಯ್ಡ್ ಅಂತ ಹೆಸರು. ಇನ್ನೊಬ್ಬ ಪೊಲೀಸ್ ಬರುವವರೆಗೆ ಕಾಯಿಸಿ ಆಮೇಲೆ ಸುತ್ತು ಹಾಕಿಸಿದ. ಚೀಟಿ ಕೊಟ್ಟ ಹೊತ್ತಿಗೂ ನಾಯಿ ಸೂಚನೆ ಕೊಟ್ಟ ಹೊತ್ತಿಗೂ ನಡುವೆ ಏಳೆಂಟು ನಿಮಿಷ. ಬೇರೆ ಸಕಾರಣ ಅನುಮಾನ ಇಲ್ಲದಿದ್ದರೆ ಆ ಏಳೆಂಟು ನಿಮಿಷ ಕೂಡ ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತು, 6ಕ್ಕೆ 3ರಲ್ಲಿ.

ಡಲ್ಲಾಸ್ ದೋಸೆ:
ಸರಿ, ತಪ್ಪೊಪ್ಪಿದೆ. ಹಾಗಾದರೆ ಆ ರೋಡ್ರಿಗಸ್ ಮನೆಗೆ ಹೋದನಾ?

ಒಹಾಯೋ ಒಬ್ಬಟ್ಟು:
ಇಲ್ಲ! ಕಾರಿನಲ್ಲಿ ನಿಜವಾಗಿಯೂ ಮೆತ್ ಅನ್ನುವ ಮಾದಕವಸ್ತು ಇತ್ತು. ಕೇಸು ಕೆಳಗೆ ವಾಪಸ್ ಹೋದಾಗ, ಆ ದಿನ ಅಲ್ಲಿ ಚಾಲ್ತಿಯಲ್ಲಿದ್ದ ತೀರ್ಪುಗಳ ಪ್ರಕಾರ ಪೊಲೀಸ್ ಒಳ್ಳೆಯ ನಂಬಿಕೆಯಿಂದಲೇ ನಡೆದುಕೊಂಡ ಅಂತ ಹೇಳಿ ಶಿಕ್ಷೆ ಉಳಿಸಿದರು. ಅವನ ಹೆಸರಿನ ತೀರ್ಪು ಉಳಿದವರಿಗೆಲ್ಲ ಉಪಯೋಗಕ್ಕೆ ಬಂತು, ಅವನೊಬ್ಬನಿಗೆ ಬರಲಿಲ್ಲ.

ಗದಗ ಗಾಡಿ:
ಮದುವಿ ಯಾರದೋ, ಊಟ ಯಾರದೋ.

ಕೋರ್ಟ್ ಕಾರಿಡಾರ್:
ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ಕ್ರಿಮಿನಲ್ ಕಡೆ ವಕೀಲ. ಒಬ್ಬಟ್ಟು ಅವರು ಟೆರ್ರಿ ಕೇಸಿನ ಕಥೆ ಹೇಳಲೇ ಇಲ್ಲ. ಇದೆಲ್ಲ ಶುರುವಾಗಿದ್ದೇ ಅಲ್ಲಿಂದ, ಅದೂ ನಿಮ್ಮ ಒಹಾಯೋದಲ್ಲೇ.

1963ರ ಅಕ್ಟೋಬರ್ 31, ಕ್ಲೀವ್‌ಲ್ಯಾಂಡ್. ಮೆಕ್‌ಫ್ಯಾಡನ್ ಅನ್ನುವ ಡಿಟೆಕ್ಟಿವ್ 30 ವರ್ಷದಿಂದ ಅದೇ ಬೀದಿಗಳಲ್ಲಿ ಜೇಬುಗಳ್ಳರನ್ನು ನೋಡಿಕೊಂಡು ಬಂದವನು. ಇಬ್ಬರು ಒಂದೇ ಅಂಗಡಿಯ ಕಿಟಕಿ ಮುಂದೆ ಸರದಿಯ ಮೇಲೆ ಹೋಗಿ ಇಣುಕುತ್ತಾರೆ, ವಾಪಸ್ ಬಂದು ಪಿಸುಗುಟ್ಟುತ್ತಾರೆ, ಮತ್ತೆ ಹೋಗುತ್ತಾರೆ. ಇಬ್ಬರದೂ ಸೇರಿ ಹೆಚ್ಚುಕಮ್ಮಿ ಒಂದು ಡಜನ್ ಸುತ್ತು. ಹೋಗಿ ಹೆಸರು ಕೇಳಿದ. ಏನೋ ಗೊಣಗಿದರು. ಅವರಲ್ಲಿ ಟೆರ್ರಿ ಅನ್ನುವವನನ್ನು ತಿರುಗಿಸಿ ಕೋಟಿನ ಹೊರಗಿನಿಂದ ತಡವಿದ. ಪಿಸ್ತೂಲು. 1968ರಲ್ಲಿ 8ಕ್ಕೆ 1ರಲ್ಲಿ ಸರಿ ಅಂತ ತೀರ್ಪಾಯಿತು. ಆದರೆ ಶರತ್ತು ಇದೆ. "ನನಗೆ ಹಾಗನ್ನಿಸಿತು" ಅಂದರೆ ಸಾಲದು. ಏನು ಕಂಡೆ, ಅದರಿಂದ ಏನು ಊಹಿಸಿದೆ ಅಂತ ಬಿಡಿಸಿ ಹೇಳಲು ಬರಬೇಕು. ತಡವುವುದೂ ಆಯುಧಕ್ಕಾಗಿ ಮಾತ್ರ.

ಅನುಮಾನ ಯಾರಿಗೆ ಬರುವುದಿಲ್ಲ? ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್‌ಗೆ ಪ್ರತಿ ಡೆಲಿವರಿ ಹುಡುಗನ ಮೇಲೂ ಬರುತ್ತದೆ. ಬಾಯಿ ಬಿಟ್ಟು ಕಾರಣ ಹೇಳಲು ಬರುತ್ತದಾ ಅನ್ನುವುದನ್ನು ಕೋರ್ಟ್ ನೋಡುತ್ತದೆ.

ಬಸವನಗುಡಿ ಬಾಬು:
ಕಾರಣ ಹೇಳುವುದು ಏನು ಮಹಾ? ಯಾರು ಬೇಕಾದರೂ ಆಮೇಲೆ ಕಟ್ಟಿ ಹೇಳಬಹುದು.

ಕೋರ್ಟ್ ಕಾರಿಡಾರ್:
ಇದು ಮಾತ್ರ ನಿಜ ಬಾಬು ಸರ್, ಮೊದಲ ಸಲ ನಿಮ್ಮ ಜೊತೆ ಒಪ್ಪುತ್ತಿದ್ದೇನೆ. ಅಮೆರಿಕದ ತೀರ್ಪುಗಳನ್ನು ಸಾಲಾಗಿ ಓದಿದರೆ ಅದೇ ಅನ್ನಿಸುತ್ತದೆ. 2002ರ ಅರ್ವಿಜು ಕೇಸಿನಲ್ಲಿ ಕೊಟ್ಟ ಕಾರಣಗಳನ್ನು ನೋಡಿ: ಡ್ರೈವರ್ ಮೈ ಬಿಗಿ ಹಿಡಿದು ಕೂತಿದ್ದ, ಪೊಲೀಸನ ಕಡೆ ನೋಡಲಿಲ್ಲ. ಹಿಂದಿದ್ದ ಮಕ್ಕಳ ಮೊಣಕಾಲು ಮೇಲೆ ಎದ್ದಿತ್ತು, ಅಂದರೆ ಕಾಲ ಕೆಳಗೆ ಏನೋ ಸಾಮಾನು ಇದೆ. ಮಕ್ಕಳು ನಾಲ್ಕೈದು ನಿಮಿಷ ಬೊಂಬೆಗಳ ಹಾಗೆ ಕೈ ಬೀಸಿದರು. ಒಂದೊಂದಾಗಿ ನೋಡಿದರೆ ನಮ್ಮ ಮನೆ ಟೂರೇ. ಒಟ್ಟಿಗೆ ನೋಡಬೇಕು, ಬಿಡಿಬಿಡಿಯಾಗಿ ತಳ್ಳಿಹಾಕಬೇಡಿ ಅಂದಿತು ಕೋರ್ಟ್. 100 ಪೌಂಡಿಗೂ ಜಾಸ್ತಿ ಗಾಂಜಾ ಸಿಕ್ಕಿತ್ತು ಅನ್ನಿ.

ಏನೂ ಸಿಗದ ಕಾರುಗಳ ಕೇಸು ಕೋರ್ಟಿಗೆ ಬರುವುದು ಕಡಿಮೆ. ಅದಕ್ಕೇ ತೀರ್ಪುಗಳಲ್ಲಿ ಪೊಲೀಸರ ಊಹೆ ಯಾವಾಗಲೂ ನಿಜವಾಗಿರುತ್ತದೆ. ಹೈದ ಅವರ ರಂಗೋಲಿ ಪುಡಿ ಯಾವ ತೀರ್ಪಿನಲ್ಲೂ ಬರುವುದಿಲ್ಲ.

ಹಾಸನದ ಹೈದ:
ಮೊಣಕಾಲು ಮೇಲೆ ಎತ್ತಿ ಕೂತರೆ ಅನುಮಾನ ಅಂದ್ರೆ ನಮ್ಮಪ್ಪ ಜೀವಮಾನವಿಡೀ ಅನುಮಾನಾಸ್ಪದ ವ್ಯಕ್ತಿ. ಅವರ ಕಾಲ ಕೆಳಗೆ ಯಾವಾಗಲೂ ಒಂದು ಹಲಸಿನ ಹಣ್ಣು ಇದ್ದೇ ಇರುತ್ತದೆ.

ರಿಟೈರ್ಡ್ ದಫೇದಾರ್:
ನಾನು ಕರ್ನಾಟಕ ಪೊಲೀಸ್‌ನಲ್ಲಿ 34 ವರ್ಷ ಇದ್ದವನು. ಜಿಲ್ಲೆ ಹೇಳುವುದಿಲ್ಲ. ಮಗ ಈ ಪುಟ ತೋರಿಸಿದ.

ನಾಕಾಬಂದಿಯಲ್ಲಿ ರಾತ್ರಿ ಎರಡು ಗಂಟೆಗೆ ನಿಂತವರಿಗೆ ಗೊತ್ತು. ನೂರು ಗಾಡಿ ಬಿಟ್ಟು ಒಂದನ್ನು ತಡೆಯುತ್ತೇವೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಒಂದು ಸಲ ಬೆಲ್ಲದ ಮೂಟೆ ತುಂಬಿದ ಟೆಂಪೋ ತಡೆದೆವು. ಟೆಂಪೋದಲ್ಲಿ ಬೆಲ್ಲದ ವಾಸನೆಯೇ ಇಲ್ಲ, ಫಿನಾಯಿಲ್ ವಾಸನೆ. ಬೆಲ್ಲದ ಗಾಡಿಗೆ ಯಾರು ಫಿನಾಯಿಲ್ ಹೊಡೆಯುತ್ತಾರೆ? ಮೂಟೆ ಸರಿಸಿದರೆ ಗಾಂಜಾ. ಕೋರ್ಟಿನಲ್ಲಿ ಎದುರು ವಕೀಲರು, "ಯಾಕೆ ಅನುಮಾನ ಬಂತು?" ಅಂತ ಕೇಳಿದರು. ನಮ್ಮ ಸಾಹೇಬರು ಗಾಬರಿಯಲ್ಲಿ, "ಮುಖ ನೋಡಿದರೆ ಗೊತ್ತಾಗುತ್ತೆ ಸ್ವಾಮಿ" ಅಂದುಬಿಟ್ಟರು. ಫಿನಾಯಿಲ್ ವಿಷಯ ಮಹಜರಿನಲ್ಲೂ ಬರೆದಿರಲಿಲ್ಲ. ಕೇಸು ಬಿತ್ತು. ಮೂಗು ಸರಿಯಾಗಿ ಕೆಲಸ ಮಾಡಿತ್ತು, ಪೆನ್ನು ಮಾಡಲಿಲ್ಲ.

ಮಲ್ನಾಡ್ ಮಳೆ:
ಸರ್, ನೀವು ಇನ್ನೂ ಬರೆಯಬೇಕು. ದಯವಿಟ್ಟು.

ಕಾಫಿ ಲೋಟ:
ಪಂಚರ ಕಥೆ ಹೇಳಿ ಸರ್! ಠಾಣೆ ಎದುರಿನ ಟೀ ಅಂಗಡಿಯವನೇ ಎಲ್ಲ ಮಹಜರಿಗೂ ಸಹಿ ಹಾಕುತ್ತಿದ್ದ ಅಂತಾರಲ್ಲ?

ರಿಟೈರ್ಡ್ ದಫೇದಾರ್:
ಒಬ್ಬನೇ ಅಲ್ಲ, ಇಬ್ಬರಿದ್ದರು. ಒಬ್ಬ ರಜೆ ಹಾಕಿದರೆ ಇನ್ನೊಬ್ಬ.

ಸಿಲಿಕಾನ್ ಸುಬ್ಬಿ:
ಹಾಗಾದರೆ ಇಂಡಿಯಾದಲ್ಲಿ ನಿಯಮ ಏನು? ಬೆಂಗಳೂರಿಗೆ ಹೋದಾಗಲೆಲ್ಲ ನನ್ನ ತಮ್ಮ ರಾತ್ರಿ ಬೈಕ್ ತಡೆದು ಫೋನ್ ನೋಡುತ್ತಾರೆ ಅಂತ ದೂರುತ್ತಿರುತ್ತಾನೆ.

ಕೋರ್ಟ್ ಕಾರಿಡಾರ್:
ನಮ್ಮಲ್ಲಿ ಕಾನೂನು ಪುಸ್ತಕದ ಮಾತು "ನಂಬಲು ಕಾರಣ". ವಾರಂಟ್ ಇಲ್ಲದೆ ಹುಡುಕಬೇಕಾದರೆ ತನಿಖಾಧಿಕಾರಿ ಆ ಕಾರಣವನ್ನು ಮೊದಲು ಬರೆದಿಡಬೇಕು. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ ಸೆಕ್ಷನ್ 165, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 185. 2024ರ ಜುಲೈ 1ರಿಂದ ಹೊಸದು ಜಾರಿಯಲ್ಲಿದೆ. ಈಗ ಹುಡುಕಾಟದ ವಿಡಿಯೋ ಮಾಡಬೇಕು, ಬರೆದಿಟ್ಟಿದ್ದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಟೀ ಅಂಗಡಿಯವನ ಕೆಲಸಕ್ಕೆ ಸ್ವಲ್ಪ ಕುತ್ತು ಬಂದಿದೆ.

ಡ್ರಗ್ಸ್ ಕೇಸಿಗೆ ಎನ್‌ಡಿಪಿಎಸ್ ಕಾಯ್ದೆ ಬೇರೆ. ಅದರ 50ನೇ ಸೆಕ್ಷನ್ ಪ್ರಕಾರ, ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ ಎಂದು ತಿಳಿಸಬೇಕು. 1999ರ ಬಲದೇವ್ ಸಿಂಗ್ ಕೇಸಿನಲ್ಲಿ ಐವರು ಜಡ್ಜ್‌ಗಳ ಪೀಠ ಇದನ್ನು ಗಟ್ಟಿ ಮಾಡಿತು. ತಮಾಷೆ ಏನಂದರೆ ಇದು ಮೈಗೆ ಮಾತ್ರ. ಜೇಬಿನಲ್ಲಿದ್ದರೆ 50 ಬೇಕು, ಕೈಚೀಲದಲ್ಲಿದ್ದರೆ ಬೇಡ. 2005ರಲ್ಲೂ ಹಾಗೇ ಹೇಳಿದ್ದರು, 2023ರಲ್ಲೂ ಅದನ್ನೇ ಹೇಳಿದರು.

ಆದರೆ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಮೆರಿಕದಲ್ಲಿ ಹುಡುಕಿದ್ದೇ ತಪ್ಪಾದರೆ ಸಿಕ್ಕಿದ್ದನ್ನು ಸಾಮಾನ್ಯವಾಗಿ ಸಾಕ್ಷಿ ಅಂತ ಒಪ್ಪುವುದಿಲ್ಲ. ನಮ್ಮಲ್ಲಿ 1974ರ ಪೂರಣ್ ಮಲ್ ತೀರ್ಪಿನ ಪ್ರಕಾರ, ಹುಡುಕಿದ ರೀತಿ ತಪ್ಪಾದರೂ ಸಿಕ್ಕಿದ ವಸ್ತು ಸಾಮಾನ್ಯವಾಗಿ ಸಾಕ್ಷಿಯಾಗುತ್ತದೆ. ಅದಕ್ಕೇ ನಮ್ಮ ಠಾಣೆಗಳಿಗೆ ಕಾರಣ ಬರೆಯುವ ಅಭ್ಯಾಸ ಬರಲಿಲ್ಲ ಅಂತ ನನ್ನ ಅನಿಸಿಕೆ. ಬರೆಯದಿದ್ದರೆ ಕಳೆದುಕೊಳ್ಳುವುದೇನು?

ರಿಟೈರ್ಡ್ ದಫೇದಾರ್:
ವಕೀಲರೇ, ಕೇಸು ಕಳೆದುಕೊಂಡಿದ್ದೇವೆ ಅಂತ ಈಗ ತಾನೇ ಬರೆದೆ. ನಾವು ಬರೆಯದೇ ಇದ್ದದ್ದು ಸೋಮಾರಿತನದಿಂದಲ್ಲ. ರಾತ್ರಿ ಮೂರು ಗಂಟೆಗೆ, ಒಂದು ಟಾರ್ಚ್, ಒಬ್ಬ ರೈಟರ್, ನಾಲ್ಕು ಗಾಡಿ. ನೀವೊಮ್ಮೆ ಬಂದು ಬರೆಯಿರಿ.

ಕೋರ್ಟ್ ಕಾರಿಡಾರ್:
ಒಪ್ಪಿದೆ ಸರ್. ಡ್ರಗ್ಸ್ ಕೇಸಿನಲ್ಲಿ ಹಾಗೆ ಬೀಳುತ್ತವೆ, ನಾನು ಹೇಳಿದ್ದು ಉಳಿದ ಕೇಸುಗಳಿಗೆ. ಸುಬ್ಬಿಯವರ ತಮ್ಮನಿಗೆ: 2021ರಲ್ಲಿ ಬೆಂಗಳೂರಿನ ಡ್ರಗ್ಸ್ ಕೇಸೊಂದರಲ್ಲೇ ನಮ್ಮ ಹೈಕೋರ್ಟ್, ಫೋನ್ ಹುಡುಕಲು ವಾರಂಟ್ ಬೇಕು, ತುರ್ತು ಇದ್ದರೆ ಕಾರಣ ಬರೆದಿಡಬೇಕು ಅಂದಿದೆ. ಅಮೆರಿಕದಲ್ಲಿ 2014ರ ರೈಲಿ ತೀರ್ಪು ಇದೇ ಧಾಟಿಯದು.

ಡಲ್ಲಾಸ್ ದೋಸೆ:
ವಿಷಯ ಎಲ್ಲೆಲ್ಲೋ ಹೋಯಿತು. ಒಬ್ಬಟ್ಟು ಅವರೇ, ಗಾಂಜಾ ವಾಸನೆ ಬಂತು ಅಂದರೆ ಈಗಲೂ ಹುಡುಕಬಹುದಾ? ಎಷ್ಟೋ ರಾಜ್ಯಗಳಲ್ಲಿ ಅದು ಕಾನೂನುಬದ್ಧ ಅಲ್ವಾ?

ಒಹಾಯೋ ಒಬ್ಬಟ್ಟು:
ರಾಜ್ಯಕ್ಕೊಂದು ಉತ್ತರ. ಇಲಿನಾಯ್ ಸುಪ್ರೀಂ ಕೋರ್ಟ್ 2024ರಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ತೀರ್ಪು ಕೊಟ್ಟಿತು. ಸುಟ್ಟ ಗಾಂಜಾ ವಾಸನೆ ಒಂದೇ ಸಾಲದು. ಹಸಿ ಗಾಂಜಾ ವಾಸನೆ ಸಾಕು. ಸೇದುವುದು ಕಾನೂನುಬದ್ಧ, ಆದರೆ ಗಾಡಿಯಲ್ಲಿ ಒಯ್ಯುವಾಗ ವಾಸನೆ ಹೊರಗೆ ಬಾರದ ಡಬ್ಬಿಯಲ್ಲಿ ಇರಬೇಕು. ವಾಸನೆ ಬಂತು ಅಂದರೆ ಡಬ್ಬಿ ಸರಿಯಿಲ್ಲ ಅಂತ ಅರ್ಥ.

ಕಾಫಿ ಲೋಟ:
ಇಂಗು ಒಯ್ಯುವುದಕ್ಕೂ ಈ ಕಾನೂನು ಬರಲಿ. ನಮ್ಮತ್ತೆ ಸೂಟ್‌ಕೇಸ್ ಇನ್ನೂ ಬಾಲ್ಕನಿಯಲ್ಲಿದೆ.

ಹಾಸನದ ಹೈದ:
ಒಬ್ಬಟ್ಟು ಅವರೇ, ಒಂದು ಉಳಿಯಿತು. ಲೈಸೆನ್ಸ್ ವಾಪಸ್ ಕೊಟ್ಟ ಮೇಲೆ ಕೇಳಿದನಲ್ಲ. "ನೀವಿನ್ನು ಹೊರಡಬಹುದು" ಅಂತ ಹೇಳಲೇ ಇಲ್ಲ. ಅದು ಮೋಸ ಅಲ್ವಾ?

ಒಹಾಯೋ ಒಬ್ಬಟ್ಟು:
ನಿಮ್ಮದೇ ಕಥೆ, 1992ರಲ್ಲಿ, ಡೇಟನ್ ಹತ್ತಿರ. 45 ಮೈಲಿಯ ಜಾಗದಲ್ಲಿ 69ರಲ್ಲಿ ಹೋದ ರಾಬಿನೆಟ್ ಅನ್ನುವವನನ್ನು ನಿಲ್ಲಿಸಿದರು. ಬಾಯಲ್ಲೇ ವಾರ್ನಿಂಗ್, ಲೈಸೆನ್ಸ್ ವಾಪಸ್. ಆಮೇಲೆ, ಹೋಗುವ ಮುಂಚೆ ಒಂದು ಪ್ರಶ್ನೆ, ಗಾಡಿಯಲ್ಲಿ ಏನಾದರೂ ಇದೆಯಾ, ನೋಡಬಹುದಾ? ಅವನೂ ಒಪ್ಪಿದ. ಸ್ವಲ್ಪ ಗಾಂಜಾ, ಒಂದು ಮಾತ್ರೆ ಸಿಕ್ಕಿತು. "ಹೋಗಬಹುದು ಅಂತ ಮೊದಲು ಹೇಳಲೇಬೇಕು" ಅಂತ ಒಹಾಯೋ ಕೋರ್ಟ್ ನಿಯಮ ಮಾಡಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹೇಳಲೇಬೇಕು ಅಂತೇನಿಲ್ಲ, ಒಟ್ಟು ಸಂದರ್ಭ ನೋಡಿ ಅಂದಿತು. ಮರುವರ್ಷ ಒಹಾಯೋ ಕೋರ್ಟ್ ಒಟ್ಟು ಸಂದರ್ಭ ನೋಡಿ, ಅವನ ಒಪ್ಪಿಗೆ ಮನಸಾರೆ ಕೊಟ್ಟದ್ದಲ್ಲ ಅಂತ ಅವನ ಪರವೇ ತೀರ್ಪು ಕೊಟ್ಟಿತು.

ನಿರಾಕರಿಸಬಹುದು ಅಂತ ಪೊಲೀಸ್ ಹೇಳಬೇಕಾಗಿಲ್ಲ. 1973ರಿಂದ ಅದೇ. ನೀವೇ ತಿಳಿದಿರಬೇಕು. ಜಗಳ ಬೇಡ, ಕೈ ಕಾಣುವ ಹಾಗೆ ಇಟ್ಟುಕೊಂಡು, "ಹುಡುಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ನಾನು ಹೊರಡಬಹುದಾ?" ಇಷ್ಟೇ. ಆದರೂ ಹುಡುಕಿದರೆ ಅಡ್ಡ ನಿಲ್ಲಬೇಡಿ. ಅದನ್ನು ಆಮೇಲೆ ಕೋರ್ಟಿನಲ್ಲಿ ನೋಡಿಕೊಳ್ಳೋಣ.

ಬಸವನಗುಡಿ ಬಾಬು:
ಅಪ್ಪ ಅಮ್ಮ ಹಿಂದೆ ಕೂತಿರುವಾಗ ಯಾರಪ್ಪ ಹಾಗೆ ಅನ್ನುತ್ತಾರೆ. ನಾನಾಗಿದ್ದರೂ "ಶೂರ್" ಅನ್ನುತ್ತಿದ್ದೆ.

ಹಾಸನದ ಹೈದ:
ಅದೇ ಬಾಬು ಸರ್. ಮನೆಗೆ ಬಂದವರಿಗೆ ಒಳಗೆ ಬನ್ನಿ ಅನ್ನುವ ಬಾಯಿ ಅದು.

ಮಲ್ನಾಡ್ ಮಳೆ:
ಅಮ್ಮ ಏನಂದ್ರು ಅಂತ ಇನ್ನೂ ಹೇಳಲೇ ಇಲ್ಲ ನೀವು.

ಹಾಸನದ ಹೈದ:
ಪರೀಕ್ಷೆ ಮಾಡಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ, ಇದು ಏನಕ್ಕೆ ಅಂತ ಇನ್ನೊಬ್ಬ ಪೊಲೀಸ್ ಕೇಳಿದ. ನಾನು ವಿವರಿಸಲು ಶುರು ಮಾಡುವಷ್ಟರಲ್ಲಿ ಅಮ್ಮ ಬಗ್ಗಿ, ಚಿಟಿಕೆ ಪುಡಿ ಹಿಡಿದು, ಡಾಂಬರಿನ ಮೇಲೆ ಐದು ಚುಕ್ಕಿ ಇಟ್ಟು ಎಳೆ ಎಳೆದೇ ಬಿಟ್ಟರು. ಗಾಡಿಗಳು ರೊಯ್ಯ್ ಅಂತ ಹೋಗುತ್ತಿವೆ. ಇಬ್ಬರೂ ಪೊಲೀಸರು ಸುಮ್ಮನೆ ನಿಂತು ನೋಡಿದರು.

ಅಮ್ಮನ ಸಿಟ್ಟು ಹುಡುಕಿದ್ದಕ್ಕಲ್ಲ. ಚೀಲ ಹರಿದು ಕೊಟ್ಟಿದ್ದಾನೆ ಅಂತ. ಕಾಲು ಭಾಗ ಡಿಕ್ಕಿಯ ಕಾರ್ಪೆಟ್ಟಿಗೆ ಸುರಿದುಹೋಗಿದೆ. ಎರಡು ಸಲ ವ್ಯಾಕ್ಯೂಮ್ ಮಾಡಿದೆ, ಇನ್ನೂ ಬೆಳ್ಳಗೇ ಇದೆ. ನಾಳೆ ಅವರನ್ನು ವಾಪಸ್ ಕರೆದುಕೊಂಡು ಬರಬೇಕು, ಅದೇ ದಾರಿ.

ಒಹಾಯೋ ಒಬ್ಬಟ್ಟು:
ಕಾರ್ ವಾಶ್‌ಗೆ ಹೋಗಿ ಮಾರಾಯ್ರೆ. ಇವತ್ತೇ. ಸರನೂ ಬಿಚ್ಚಿಡಿ.